ಸೊಳ್ಳೆಯ ಮೊಟ್ಟೆಯೂ ಅದರ ಕುಲಲಕ್ಷಣವೂ

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿವಿಯ ಬಳಿ ಬಂದು ಗುಂಯ್‌ಗುಡುವ ಜೀವಿಯನ್ನು ನಾವೆಲ್ಲರೂ ಬಲ್ಲೆವು. ಕೈಗೆ ಸಿಕ್ಕಿದರೆ ಹೊಡೆಯುತ್ತೇವೆ, ಸಿಕ್ಕದಿದ್ದರೆ ಶಪಿಸುತ್ತೇವೆ. ಅದರ ಹೆಸರೇನು, ಕುಲವೇನು, ಅದು ಹುಟ್ಟಿದ ನೀರಾವುದು ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಸೊಳ್ಳೆಗಳೆಲ್ಲವೂ ನಮಗೆ ಒಂದೇ.

ಗೃಹಸ್ಥನಿಗೆ ಈ ಅಲಕ್ಷ್ಯ ಸಲ್ಲಬಹುದು. ಊರಿನ ಆರೋಗ್ಯವನ್ನು ಕಾಯತಕ್ಕವರಿಗೆ ಸಲ್ಲದು. ಪ್ರಪಂಚದಲ್ಲಿ ಸೊಳ್ಳೆಯ ಪ್ರಭೇದಗಳು 3,500ಕ್ಕೂ ಮಿಗಿಲಾಗಿವೆ. ಇವುಗಳಲ್ಲಿ ಮಲೇರಿಯ ಜ್ವರವನ್ನು ಮನುಷ್ಯನಿಂದ ಮನುಷ್ಯನಿಗೆ ಒಯ್ಯುವಂಥವು ಅನಾಫಿಲೀಸ್ ಎಂಬ ಕುಲಕ್ಕೆ ಸೇರಿದ ಕೆಲವು ಮಾತ್ರ. ಆ ಕೆಲವುಗಳಲ್ಲಿಯೂ ನಡೆವಳಿಕೆ ಒಂದೇ ತೆರನಾಗಿಲ್ಲ. ಒಂದು ಹರಿಯುವ ಹಳ್ಳದಲ್ಲಿ ಮೊಟ್ಟೆಯಿಟ್ಟರೆ ಇನ್ನೊಂದು ಬಾವಿಯಲ್ಲಿಯೋ ತೊಟ್ಟಿಯಲ್ಲಿಯೋ ಇಡುವುದು. ಒಂದಕ್ಕೆ ಕೊಟ್ಟಿಗೆಯ ದನದ ರಕ್ತ ಪ್ರಿಯ. ಇನ್ನೊಂದಕ್ಕೆ ನಡುಮನೆಯಲ್ಲಿ ಮಲಗಿದ ಮನುಷ್ಯನ ರಕ್ತ ಪ್ರಿಯ. ಯಾವ ಸೊಳ್ಳೆಯಿಂದ ಕೇಡಾಗುತ್ತಿದೆಯೆಂದು ತಿಳಿಯದೆ ಕೆರೆಗೆ ಎಣ್ಣೆ ಹೊಯ್ಯುತ್ತ ಕುಳಿತರೆ, ನಿಜವಾದ ಶತ್ರು ನಮ್ಮ ಮಾಳಿಗೆಯ ಮೇಲಣ ತೊಟ್ಟಿಯಲ್ಲಿ ನೆಮ್ಮದಿಯಾಗಿ ಸಂಸಾರ ಹೂಡಿರಬಹುದು. ಹಣವೂ ಹೋಯಿತು, ಜ್ವರವೂ ನಿಲ್ಲಲಿಲ್ಲ ಎಂಬ ಸ್ಥಿತಿ ಒದಗುವುದು.

ಆದುದರಿಂದ ಸೊಳ್ಳೆಯ ಗುರುತು ಹಿಡಿಯುವುದು ಪಂಡಿತರ ವಿನೋದವಲ್ಲ. ಅದು ಚಿಕಿತ್ಸೆಯ ಮೊದಲ ಮೆಟ್ಟಲು. ಆದರೆ ಕೆಲವು ಪ್ರಭೇದಗಳು ರೆಕ್ಕೆ, ಕಾಲು, ಸೊಂಡಿಲುಗಳಲ್ಲಿ ಅವಳಿಜವಳಿಗಳಂತೆ ಹೋಲುತ್ತವೆ. ಅಂಥಲ್ಲಿ ತಾಯಿಯನ್ನು ನೋಡಿ ತಿಳಿಯಲಾರದುದನ್ನು ಅವಳಿಟ್ಟ ಮೊಟ್ಟೆಯನ್ನು ನೋಡಿ ತಿಳಿಯಬಹುದೆಂಬುದು ಕಳೆದ ನೂರು ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡ ಒಂದು ವಿಶೇಷ. ಅದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಮೊದಲು ಕಣ್ಣಿಗೆ ಕಾಣುವಷ್ಟನ್ನು ನೋಡೋಣ. ಮನೆಯ ಹಿತ್ತಲಿನಲ್ಲಿ ನಾಲ್ಕಾರು ದಿನ ಅಲುಗದೆ ನಿಂತ ಕೊಳಕು ನೀರಿನ ಮೇಲೆ ಮಸಿಯ ಚೂರಿನಂಥ ಒಂದು ವಸ್ತು ತೇಲುತ್ತಿರುವುದುಂಟು. ಅದು ಕ್ಯೂಲೆಕ್ಸ್ ಸೊಳ್ಳೆಯ ತೆಪ್ಪ. ನೂರು ಇನ್ನೂರು ಮೊಟ್ಟೆಗಳನ್ನು ಆ ತಾಯಿ ಒಂದರ ಪಕ್ಕದಲ್ಲೊಂದು ನೆಟ್ಟಗೆ ನಿಲ್ಲಿಸಿ ಅಂಟಿಸಿರುತ್ತಾಳೆ. ಈ ಕುಲದ ಒಂದು ಸೊಳ್ಳೆಯೇ ಆನೆಕಾಲು ರೋಗವನ್ನು ಹರಡುವುದು. ಡೆಂಗಿ ಜ್ವರಕ್ಕೆ ಕಾರಣವಾದ ಈಡಿಸ್ ಸೊಳ್ಳೆ ತೆಪ್ಪ ಕಟ್ಟುವುದಿಲ್ಲ. ನೀರಿನಂಚಿಗೆ ತುಸು ಮೇಲೆ, ಪಾತ್ರೆಯ ಒದ್ದೆಯಾದ ಗೋಡೆಯಲ್ಲಿ, ಒಂದೊಂದಾಗಿ ಕರಿಯ ಮೊಟ್ಟೆಗಳನ್ನು ಅಂಟಿಸುವುದು. ಇವು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮತ್ತೆ ನೀರು ಸೋಕಿದಾಗ ಒಡೆಯುತ್ತವೆ. ಮ್ಯಾನ್ಸೋನಿಯ ಎಂಬ ಮತ್ತೊಂದು ಕುಲದ ಸೊಳ್ಳೆ ತೇಲುವ ನೀರುಗಿಡಗಳ ಎಲೆಯ ಅಡಿಯಲ್ಲಿ ಮೊಟ್ಟೆಗಳ ಗೊಂಚಲನ್ನಿಡುವುದು. ಇನ್ನು ಅನಾಫಿಲೀಸ್ ಸೊಳ್ಳೆಯೋ, ಮೊಟ್ಟೆಗಳನ್ನು ಬಿಡಿಬಿಡಿಯಾಗಿ ನೀರಿನ ಮೇಲೆ ಚೆಲ್ಲಿ ಹೋಗುವುದು. ಇಟ್ಟಾಗ ಬೆಳ್ಳಗಿದ್ದು ಕೆಲವು ಗಂಟೆಗಳಲ್ಲಿ ಕಪ್ಪಾಗುವ ಈ ಮೊಟ್ಟೆಯ ಉದ್ದ ಸುಮಾರು ಅರ್ಧ ಮಿಲಿಮೀಟರು. ಹೀಗೆ ಮೊಟ್ಟೆಯಿಡುವ ರೀತಿಯೊಂದರಿಂದಲೇ ಕುಲವನ್ನು ಊಹಿಸಬಹುದು. ಕುಲದೊಳಗಿನ ಪ್ರಭೇದವನ್ನು ತಿಳಿಯಬೇಕಾದರೆ ಯಂತ್ರದ ಸಹಾಯ ಬೇಕು.

ಅನಾಫಿಲೀಸ್ ಮೊಟ್ಟೆಯ ಆಕಾರವನ್ನು ಮನಸ್ಸಿಟ್ಟು ನೋಡಿದವರಲ್ಲಿ ರೊನಾಲ್ಡ್ ರಾಸ್ ಮಹಾಶಯರು ಒಬ್ಬರು. ಅವರು 1883ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯ ಕಿಟಕಿಯ ಬಳಿಯಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನೂ, ನೀರನ್ನು ಚೆಲ್ಲಿದರೆ ಸೊಳ್ಳೆಗಳು ಕಡಮೆಯಾಗುವುದನ್ನೂ ಗಮನಿಸಿದ್ದರು. ಮುಂದೆ 1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ, ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ ಒಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಕ್ರಿಮಿಯನ್ನು ಕಂಡರು. ಅದೇ ವರ್ಷ ಪ್ರಕಟಿಸಿದ ಬರೆಹದಲ್ಲಿ ಆ ಬಗೆಯ ಸೊಳ್ಳೆಯ ಮೊಟ್ಟೆಯನ್ನೂ ಅವರು ವರ್ಣಿಸಿದ್ದಾರೆ. ಮೂತಿಯೂ ಹಿಂಬದಿಯೂ ಮೇಲೆದ್ದ ಪ್ರಾಚೀನ ಕಾಲದ ಹಡಗಿನಂತೆ ಅದು ಅವರಿಗೆ ಕಂಡಿತು. ಅದರ ಪಕ್ಕದಿಂದ ಹೊರಟ ಗೆರೆಗಳು ಸಾಲಾಗಿ ಚಾಚಿದ ಹುಟ್ಟುಗಳಂತೆ ತೋರಿದುವು.

ಆ ಹುಟ್ಟುಗಳನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕೆಂದು ಬೇಡುತ್ತೇವೆ. ನಮ್ಮ ಕಥೆಯೆಲ್ಲವೂ ಅವುಗಳ ಸುತ್ತಲೇ ತಿರುಗುತ್ತದೆ. ಅವು ನಿಜವಾಗಿ ಹುಟ್ಟುಗಳಲ್ಲ. ಈಜು ಕಲಿಯುವ ಹುಡುಗರು ಬೆನ್ನಿಗೆ ಈಸುಬುರುಡೆಯನ್ನು ಕಟ್ಟಿಕೊಳ್ಳುವುದಿಲ್ಲವೆ? ಹಾಗೆ ಅನಾಫಿಲೀಸಿನ ಮೊಟ್ಟೆಯ ಎರಡು ಮಗ್ಗುಲಲ್ಲಿಯೂ ಗಾಳಿ ತುಂಬಿದ ಒಂದೊಂದು ಬುರುಡೆಯಿದೆ. ಸಿಹಿಗುಂಬಳದ ಕಾಯಿಯ ಮೇಲೆ ಕಾಣುವಂತೆ ಈ ಬುರುಡೆಯ ಮೇಲೆಯೂ ಅಡ್ಡಡ್ಡವಾಗಿ ಉಬ್ಬಿದ ಏಣುಗಳಿವೆ. ರಾಸ್ ಅವರಿಗೆ ಹುಟ್ಟುಗಳಂತೆ ಕಂಡುವು ಈ ಏಣುಗಳೇ.

ಇನ್ನು ಇಟಲಿಗೆ ಹೋಗೋಣ. ಈ ಶಾಸ್ತ್ರಕ್ಕೆ ಬಲ ಬಂದುದು ಅಲ್ಲಿಂದ. ಮಲೇರಿಯವನ್ನು ಮನುಷ್ಯರಿಗೆ ಹರಡುವುದು ಅನಾಫಿಲೀಸ್ ಸೊಳ್ಳೆಯೆಂದು 1898ರಲ್ಲಿ ಗ್ರಾಸ್ಸಿಯೇ ಮೊದಲಾದ ಇಟಲಿಯ ವಿದ್ವಾಂಸರು ಸಿದ್ಧಪಡಿಸಿದ ಮೇಲೆ ಒಂದು ದೊಡ್ಡ ಒಗಟು ಎದ್ದಿತು. ಯೂರೋಪಿನ ಎಷ್ಟೋ ಸೀಮೆಗಳಲ್ಲಿ ಅನಾಫಿಲೀಸ್ ಮ್ಯಾಕುಲಿಪೆನಿಸ್ ಎಂಬ ಸೊಳ್ಳೆ ಹೇರಳವಾಗಿತ್ತು, ಆದರೆ ಜ್ವರವಿರಲಿಲ್ಲ. ಇನ್ನೊಂದು ಸೀಮೆಯಲ್ಲಿ ಅದೇ ಸೊಳ್ಳೆ, ಊರಿಗೆ ಊರೇ ಜ್ವರ. ಸೊಳ್ಳೆ ಒಂದೇ ಆಗಿದ್ದರೆ ಈ ಭೇದವೇಕೆ? ಹವೆಯ ಗುಣವೆಂದು ಕೆಲವರು, ಜನರ ಸ್ಥಿತಿಗತಿಯೆಂದು ಕೆಲವರು, ದನಕರುಗಳು ಹೆಚ್ಚಾಗಿರುವುದರಿಂದ ಸೊಳ್ಳೆಯ ಚಿತ್ತ ಅತ್ತ ತಿರುಗಿತೆಂದು ಮತ್ತೆ ಕೆಲವರು ವಾದಿಸಿದರು.

ಒಗಟಿಗೆ ಬೀಗದ ಕೈ ದೊರೆತುದು ಡೊಮೆನಿಕೊ ಫಲ್ಲೆರೋನಿ ಎಂಬ ಇಟಲಿಯ ಆರೋಗ್ಯ ಇಲಾಖೆಯ ಅಧಿಕಾರಿಗೆ. ಹಿಡಿದ ಸೊಳ್ಳೆಗಳನ್ನು ಬೇರೆಬೇರೆಯಾಗಿಟ್ಟು ಮೊಟ್ಟೆಯಿಡಿಸಿ ಅವರು ಪರೀಕ್ಷಿಸಿದರು. ಮೊಟ್ಟೆಗಳ ಮೇಲಣ ಕಪ್ಪು ಬಿಳುಪಿನ ಚಿತ್ತಾರ ಎಲ್ಲ ತಾಯಂದಿರಲ್ಲಿಯೂ ಒಂದೇ ತೆರನಾಗಿರಲಿಲ್ಲ. ಆದರೆ ಒಬ್ಬ ತಾಯಿ ಇಟ್ಟ ಮೊಟ್ಟೆಗಳೆಲ್ಲವೂ ಒಂದೇ ಚಿತ್ತಾರದವಾಗಿದ್ದುವು. ಅಂದಮೇಲೆ ಅದು ಆಕಸ್ಮಿಕವಲ್ಲ, ಹುಟ್ಟುಗುಣ. ಅವರು 1926ರಲ್ಲಿ ಇದನ್ನು ಪ್ರಕಟಿಸಿ, ಎರಡು ಬಗೆಗಳಿಗೆ ತಮ್ಮ ಸಹೋದ್ಯೋಗಿಗಳ ನೆನಪಿಗಾಗಿ ಲ್ಯಾಬ್ರಾಂಕಿಯೇ ಎಂದೂ ಮೆಸ್ಸಿಯೇ ಎಂದೂ ಹೆಸರಿಟ್ಟರು. ಕೆಲವು ವರ್ಷ ಈ ಮಾತಿಗೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. 1930ರ ದಶಕದ ಮೊದಲಲ್ಲಿ ಹ್ಯಾಕೆಟ್, ಮಿಸ್ಸಿರೋಲಿ, ಮಾರ್ಟೀನಿ ಎಂಬ ಮೂವರು ವಿದ್ವಾಂಸರು ಅದನ್ನು ಮತ್ತೆ ಎತ್ತಿಕೊಂಡು ಪರೀಕ್ಷಿಸಿದಾಗ ಒಗಟು ಬಿಚ್ಚಿತು. ಒಂದೇ ಎಂದು ಎಣಿಸಿದ್ದ ಮ್ಯಾಕುಲಿಪೆನಿಸ್ ಒಂದಲ್ಲ, ಹಲವು. ಲ್ಯಾಬ್ರಾಂಕಿಯೇ ಕರಾವಳಿಯ ಜವುಗಿನಲ್ಲಿ ಬೆಳೆದು ಮನುಷ್ಯನನ್ನು ಕಚ್ಚುವುದು. ಮೆಸ್ಸಿಯೇ ಒಳನಾಡಿನ ಸಿಹಿನೀರಿನಲ್ಲಿ ಬೆಳೆದು ಹೆಚ್ಚಾಗಿ ದನಗಳನ್ನು ಆಶ್ರಯಿಸುವುದು. ಇವುಗಳ ಬಂಧುವಾದ ಸಖರೋವಿ ಎಂಬ ಮತ್ತೊಂದು ಅಪಾಯಕಾರಿ ಸೊಳ್ಳೆಯ ಮೊಟ್ಟೆಗೆ ಸಾಮಾನ್ಯವಾಗಿ ಈಸುಬುರುಡೆಯೇ ಇಲ್ಲ! ರೆಕ್ಕೆಯನ್ನು ನೋಡಿದರೆ ತಿಳಿಯದ ಗುಟ್ಟನ್ನು ಮೊಟ್ಟೆ ಹೊರಗೆಡಹಿತು.

ಇದೇ ಕಾಲಕ್ಕೆ ಅಂದಿನ ಮೈಸೂರು ಸಂಸ್ಥಾನದಲ್ಲಿಯೂ ಇಂಥದೇ ಕೆಲಸ ನಡೆದಿತ್ತೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಸಂಸ್ಥಾನದ ಮಲೇರಿಯ ನಿವಾರಣೆಯ ಕಾರ್ಯದಲ್ಲಿ ತೊಡಗಿದ್ದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರೂ ಬಿ. ಎ. ರಾವ್ ಅವರೂ ಅನಾಫಿಲೀಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಅಳೆದರು, ಬುರುಡೆಯ ಏಣುಗಳನ್ನು ಎಣಿಸಿದರು. ಈ ಸೊಳ್ಳೆಯಲ್ಲಿಯೂ ಎರಡು ಬಗೆಗಳಿರುವುದು ಅವರಿಗೆ ಕಂಡಿತು. ಒಂದರ ಮೊಟ್ಟೆ ದೊಡ್ಡದು, ಏಣುಗಳು ಹೆಚ್ಚು. ಇನ್ನೊಂದರ ಮೊಟ್ಟೆ ಚಿಕ್ಕದು, ಏಣುಗಳು ಕಡಮೆ. ಎರಡನೆಯದಕ್ಕೆ ಅವರು 1937ರಲ್ಲಿ ಕೊಟ್ಟ ಹೆಸರು ‘ಮೈಸೂರೆನ್ಸಿಸ್’. ನಮ್ಮ ನಾಡಿನ ಹೆಸರನ್ನು ಹೊತ್ತ ಈ ಸೊಳ್ಳೆ ಇಂದಿಗೂ ದೇಶವಿದೇಶಗಳ ವೈದ್ಯಕೀಯ ಗ್ರಂಥಗಳಲ್ಲಿದೆ. ಶ್ರೀಗಂಧ, ರೇಷ್ಮೆಗಳಿಂದ ಬಂದ ಕೀರ್ತಿಯ ಪಕ್ಕದಲ್ಲಿ ಇದನ್ನೂ ಎಣಿಸಬೇಕೆ ಎಂಬುದನ್ನು ಶ್ರೋತೃಗಳೇ ತೀರ್ಮಾನಿಸಲಿ.

ಹೆಸರಿಗಿಂತ ಮುಖ್ಯವಾದುದು ಅದರ ಹಿಂದಣ ಅರ್ಥ. ಸ್ಟೀಫೆನ್ಸಿಯ ಮೊದಲ ಬಗೆ, ಎಂದರೆ ಮೂಲರೂಪ, ಪಟ್ಟಣದ ಸೊಳ್ಳೆ. ಬಾವಿ, ತೊಟ್ಟಿ, ಕಟ್ಟಡಕ್ಕೆಂದು ಹಿಡಿದಿಟ್ಟ ನೀರು ಇವುಗಳಲ್ಲಿ ಬೆಳೆದು ಮಲೇರಿಯವನ್ನು ಸಮರ್ಥವಾಗಿ ಹರಡುವುದು. ಮೈಸೂರೆನ್ಸಿಸ್ ಬಗೆಯಾದರೋ ಇಂಡಿಯದಲ್ಲಿ ಬಹುಮಟ್ಟಿಗೆ ಹಳ್ಳಿಗಾಡಿನದು. ದನಗಳನ್ನು ಹೆಚ್ಚಾಗಿ ಕಚ್ಚುವುದರಿಂದ ರೋಗವನ್ನು ಹರಡುವುದರಲ್ಲಿ ಅಷ್ಟು ಸಮರ್ಥವಲ್ಲವೆಂದು ಇಲ್ಲಿನ ಶೋಧಕರ ಮತ. ಅರ್ಧ ಮಿಲಿಮೀಟರಿನ ಮೊಟ್ಟೆಯ ಮೇಲಣ ನಾಲ್ಕಾರು ಏಣುಗಳ ವ್ಯತ್ಯಾಸ, ಒಂದು ಬಡಾವಣೆಗೆ ಅಪಾಯ ಉಂಟೋ ಇಲ್ಲವೋ ಎಂಬುದನ್ನು ಸೂಚಿಸಬಲ್ಲುದು.

ಎಣಿಸುವುದು ಸುಲಭವೆಂದು ತೋರಬಹುದು. ಕೆಲವು ವರ್ಷಗಳ ಹಿಂದೆ ನಮಗೂ ಹಾಗೆಯೇ ತೋರಿತ್ತು. ನಮ್ಮ ಪ್ರಾಣಿಶಾಸ್ತ್ರದ ತರಗತಿಯ ಒಬ್ಬ ವಿದ್ಯಾರ್ಥಿ ತನ್ನ ಮನೆಯ ದನದ ಕೊಟ್ಟಿಗೆಯಿಂದ ಹೊಟ್ಟೆ ತುಂಬಿದ ಒಂದು ಹೆಣ್ಣು ಅನಾಫಿಲೀಸನ್ನು ಹಿಡಿದು ತಂದನು. ಒದ್ದೆಯ ಕಾಗದವನ್ನಿಟ್ಟ ಗಾಜಿನ ನಳಿಗೆಯಲ್ಲಿ ಅದನ್ನು ಬಿಟ್ಟೆವು. ಮೂರನೆಯ ಬೆಳಗ್ಗೆ ಕಾಗದದ ಮೇಲೆ ಮೊಟ್ಟೆಗಳು ಹರಡಿದ್ದುವು; ತಾಯಿ ಸ್ಟೀಫೆನ್ಸಿಯೆಂಬುದು ಅದರ ಕಾಲು ರೆಕ್ಕೆಗಳ ಗುರುತಿನಿಂದ ಗೊತ್ತಾಯಿತು. ಐವರು ವಿದ್ಯಾರ್ಥಿಗಳಿಗೆ ಒಂದೇ ಮೊಟ್ಟೆಯನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ತೋರಿಸಿ ಏಣುಗಳನ್ನು ಎಣಿಸಹೇಳಿದೆವು. ಒಬ್ಬನು 13 ಎಂದನು, ಇಬ್ಬರು 14 ಎಂದರು, ಒಬ್ಬಳು 15, ಮತ್ತೊಬ್ಬನು 16. ನಾವು ಎಣಿಸಿದಾಗ ಮೊದಲ ಸಾರಿ 14, ಎರಡನೆಯ ಸಾರಿ 15 ಬಂದಿತು. ಗುರುಗಳಿಗೇ ಎರಡು ಉತ್ತರ ಬಂದುದನ್ನು ಕಂಡು ವಿದ್ಯಾರ್ಥಿಗಳಿಗೆ ಆದ ಸಂತೋಷವನ್ನು ವರ್ಣಿಸಬೇಕಾಗಿಲ್ಲ.

ತಪ್ಪು ಕಣ್ಣಿನದು ಮಾತ್ರವಲ್ಲ, ಬೆಳಕಿನದೂ ಹೌದು. ಬುರುಡೆಯ ನಡುವೆ ಏಣುಗಳು ಸ್ಪಷ್ಟವಾಗಿರುತ್ತವೆ. ಎರಡು ತುದಿಗಳಲ್ಲಿ ಕಿರಿದಾಗಿ, ಬಾಗಿದ ಮೈಯ ಮರೆಗೆ ಸರಿದು ಮಸಕಾಗುತ್ತವೆ. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಒಂದು ಮಟ್ಟವನ್ನು ಸ್ಪಷ್ಟಪಡಿಸಿದರೆ ಅದಕ್ಕಿಂತ ಮೇಲಿನದೂ ಕೆಳಗಿನದೂ ಮಂಜಾಗುವುದು. ಅಲ್ಲದೆ ಬೆಳಕಿಗೇ ಒಂದು ಮಿತಿಯುಂಟು. ಬೆಳಕು ಅಲೆಯ ರೂಪದ್ದು. ಅಲೆಗಿಂತ ಬಹಳ ಚಿಕ್ಕದಾದ ವಸ್ತುವಿನ ವಿವರವನ್ನು ಅದು ತಿಳಿಸಲಾರದು. ರಾಗಿಕಲ್ಲಿನ ನುಣುಪನ್ನು ಹಾರೆಯ ತುದಿಯಿಂದ ಮುಟ್ಟಿ ನೋಡುವಂತೆ ಅದರ ಪಾಡು. ಒಂದು ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಎಷ್ಟೇ ಒಳ್ಳೆಯ ಗಾಜನ್ನು ಉಪಯೋಗಿಸಿದರೂ ಒಂದಾಗಿಯೇ ಕಾಣುವುವು.

ಇಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೆರವಿಗೆ ಬರುತ್ತದೆ. ಚಲಿಸುವ ವಿದ್ಯುತ್ಕಣಕ್ಕೂ ಅಲೆಯ ಗುಣವುಂಟೆಂದು 1924ರಲ್ಲಿ ಫ್ರಾನ್ಸಿನ ದ ಬ್ರೋಯಿ ಎಂಬ ವಿಜ್ಞಾನಿ ಪ್ರತಿಪಾದಿಸಿದರು. ವೇಗವಾಗಿ ಓಡುವ ಎಲೆಕ್ಟ್ರಾನಿನ ಅಲೆ ಬೆಳಕಿನ ಅಲೆಗಿಂತ ಹತ್ತಾರು ಸಾವಿರ ಪಾಲು ಗಿಡ್ಡ. ಬರ್ಲಿನಿನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಅವರು 1931ರಲ್ಲಿ, ಗಾಜಿನ ಮಸೂರಕ್ಕೆ ಬದಲಾಗಿ ಅಯಸ್ಕಾಂತದ ಸುರುಳಿಗಳಿಂದ ಎಲೆಕ್ಟ್ರಾನುಗಳನ್ನು ಬಾಗಿಸಿ ಮೊದಲನೆಯ ಯಂತ್ರವನ್ನು ರಚಿಸಿದರು. ರುಸ್ಕಾ ಅವರಿಗೆ ಇದಕ್ಕಾಗಿ ನೊಬೆಲ್ ಬಹುಮಾನ ಬಂದುದು 1986ರಲ್ಲಿ. ಆದರೆ ಆ ಮೊದಲ ಬಗೆಯ ಯಂತ್ರದಲ್ಲಿ ಎಲೆಕ್ಟ್ರಾನುಗಳು ವಸ್ತುವನ್ನು ತೂರಿಕೊಂಡು ಹೋಗಬೇಕು. ಇಡಿಯ ಮೊಟ್ಟೆಯ ಹೊರಮೈಯನ್ನು ನೋಡಲು ಅದು ತಕ್ಕುದಲ್ಲ. ಅದಕ್ಕೆ ಒದಗಿದುದು ಕೇಂಬ್ರಿಡ್ಜಿನಲ್ಲಿ ಚಾರ್ಲ್ಸ್ ಓಟ್ಲಿ ಮತ್ತು ಅವರ ಶಿಷ್ಯರು ಬೆಳೆಸಿದ, 1965ರಲ್ಲಿ ಮಾರಾಟಕ್ಕೆ ಬಂದ ಇನ್ನೊಂದು ಬಗೆ.

ಇದರ ಕೆಲಸ ಸ್ಥೂಲವಾಗಿ ಹೀಗೆ. ಮೊಟ್ಟೆಯೊಳಗಿನ ನೀರನ್ನು, ಚಿಪ್ಪು ಸುಕ್ಕಾಗದಂತೆ, ಬಹು ನಾಜೂಕಿನಿಂದ ತೆಗೆದು ಒಣಗಿಸುತ್ತಾರೆ. ಅನಂತರ ಲೋಹದ ಒಂದು ಸಣ್ಣ ಪೀಠದ ಮೇಲೆ ಅದನ್ನು ಅಂಟಿಸಿ, ಮೈಗೆಲ್ಲ ಚಿನ್ನದ ಗಿಲೀಟನ್ನು ಕೊಡುತ್ತಾರೆ. ನಮ್ಮ ಅಕ್ಕಸಾಲಿಗರು ಕೊಡುವ ಗಿಲೀಟಿಗೆ ಹೋಲಿಸಿದರೆ ಇದು ಇಲ್ಲವೆಂಬಷ್ಟು ತೆಳು. ಆದರೂ ಬಂದ ವಿದ್ಯುತ್ತು ಮೊಟ್ಟೆಯ ಮೇಲೆ ನಿಲ್ಲದೆ ಹರಿದುಹೋಗಲು ಅಷ್ಟು ಸಾಕು. ಗಾಳಿಯನ್ನೆಲ್ಲ ಹೊರದೂಡಿದ ಕೋಶದೊಳಗೆ ಮೊಟ್ಟೆಯನ್ನಿಟ್ಟು ಸೂಜಿಯ ಮೊನೆಗಿಂತಲೂ ಎಷ್ಟೋ ಸೂಕ್ಷ್ಮವಾದ ಎಲೆಕ್ಟ್ರಾನ್ ಧಾರೆಯನ್ನು ಅದರ ಮೇಲೆ ಹಾಯಿಸುತ್ತಾರೆ. ಗದ್ದೆಯನ್ನು ನೇಗಿಲು ಸಾಲು ಸಾಲಾಗಿ ಉಳುವಂತೆ ಈ ಧಾರೆ ಮೊಟ್ಟೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರುತ್ತ ಹೋಗುವುದು. ಹೊಡೆತ ಬಿದ್ದೆಡೆಯಿಂದ ಬೇರೆ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಉಬ್ಬಿನ ಅಂಚಿನಿಂದ ಹೆಚ್ಚು, ತಗ್ಗಿನಿಂದ ಕಡಮೆ. ಅವುಗಳನ್ನು ಹಿಡಿದು ಲೆಕ್ಕವಿಟ್ಟು, ಹೆಚ್ಚಿರುವಲ್ಲಿ ಬೆಳ್ಳಗೆ, ಕಡಮೆಯಿರುವಲ್ಲಿ ಕಪ್ಪಾಗಿ ಚಿತ್ರವನ್ನು ಬರೆಯಿಸಿದರೆ ಮೊಟ್ಟೆಯ ಹೊರಮೈ ಬೆಟ್ಟಗುಡ್ಡಗಳ ನಾಡಿನಂತೆ ಕಣ್ಣಮುಂದೆ ನಿಲ್ಲುವುದು. ಮೇಲೂ ಕೆಳಗೂ ಒಟ್ಟಿಗೆ ಸ್ಪಷ್ಟ. ಮಂಜಿನ ತೊಂದರೆ ಬಲುಮಟ್ಟಿಗೆ ಇಲ್ಲ.

ಈ ಚಿತ್ರದಲ್ಲಿ ಕಾಣುವುದೇನು? ಅನಾಫಿಲೀಸ್ ಮೊಟ್ಟೆಯಲ್ಲಿ ಬುರುಡೆಯ ಕಡೆಯ ಏಣುಗಳೂ ಎಣಿಕೆಗೆ ಸಿಗುತ್ತವೆ. ದೋಣಿಯ ಅಂಚಿನ ಸುತ್ತ ನೆರಿಗೆಯ ಒಂದು ಕಟ್ಟು, ದೋಣಿಯ ಅಟ್ಟದ ಎರಡು ತುದಿಗಳಲ್ಲಿ ಹೂವಿನಂತೆ ಎಸಳೊಡೆದ ಗುಬಟುಗಳು, ಒಂದು ತುದಿಯಲ್ಲಿ ಗಂಡಿನ ಬೀಜ ಒಳಹೋಗುವ ಸೂಕ್ಷ್ಮರಂಧ್ರ, ಅದರ ಸುತ್ತ ಒಂದು ಕೊರಳಪಟ್ಟಿ, ಇವೆಲ್ಲವೂ ಗೋಚರಿಸುತ್ತವೆ. ಈಡಿಸ್ ಮೊಟ್ಟೆಯ ಕರಿಯ ಚಿಪ್ಪು ಬರಿಗಣ್ಣಿಗೆ ಬೋಳು. ಈ ಯಂತ್ರದಲ್ಲಿ ಅದು ಜೇನುಹಲ್ಲೆಯಂತೆ ಮನೆಮನೆಯಾಗಿ ಹಂಚಿಹೋಗಿ, ಒಂದೊಂದು ಮನೆಯ ನಡುವೆ ಒಂದು ದೊಡ್ಡ ಗುಬಟೂ ಅದರ ಸುತ್ತ ಕಿರಿಯ ಗುಬಟುಗಳೂ ಕಾಣುತ್ತವೆ. ಇವುಗಳ ಗಾತ್ರ, ಎಣಿಕೆ, ಹಂಚಿಕೆಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಬೇರೆ. ಇಂಗ್ಲೆಂಡಿನ ಹಿಂಟನ್ ಎಂಬ ಕೀಟಶಾಸ್ತ್ರಜ್ಞರು 1968ರಲ್ಲಿಯೇ ಅನಾಫಿಲೀಸ್ ಮೊಟ್ಟೆಗಳನ್ನು ಕುರಿತು ಬರೆದು ದಾರಿ ತೋರಿದರು.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಒಂದು ನಿದರ್ಶನ ಕೊಡುತ್ತೇವೆ. ಏಷ್ಯದ ಹುಲಿಸೊಳ್ಳೆಯೆಂದು ಹೆಸರಾದ ಈಡಿಸ್ ಆಲ್ಬೊಪಿಕ್ಟಸ್, 1985ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ನೆಲೆಸಿರುವುದು ಕಂಡುಬಂದಿತು. ಹಳೆಯ ಟಯರುಗಳ ಒಳಗೆ ಅಂಟಿದ ಮೊಟ್ಟೆಗಳ ರೂಪದಲ್ಲಿ ಅದು ಸಮುದ್ರವನ್ನು ದಾಟಿರಬೇಕೆಂದು ತಿಳಿದವರ ನಿರ್ಣಯ. ಸೊಳ್ಳೆ ಪ್ರಯಾಣ ಮಾಡುವುದೇ ಮೊಟ್ಟೆಯಾಗಿ ಎಂದಮೇಲೆ ಅದನ್ನು ಮೊಟ್ಟೆಯಾಗಿರುವಾಗಲೇ ಗುರುತಿಸಬೇಡವೆ? ಫ್ಲಾರಿಡದ ಲಿನ್ಲಿ ಎಂಬ ವಿದ್ವಾಂಸರು 1989ರಲ್ಲಿ ಆಲ್ಬೊಪಿಕ್ಟಸ್, ಈಜಿಪ್ಟೈ, ಬಹಾಮೆನ್ಸಿಸ್ ಎಂಬ ಮೂರು ಈಡಿಸ್‌ಗಳ ಮೊಟ್ಟೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಅವುಗಳ ವ್ಯತ್ಯಾಸಗಳನ್ನು ಚಿತ್ರಸಹಿತ ಪ್ರಕಟಿಸಿದರು.

ಇಷ್ಟನ್ನು ಕೇಳಿದ ಮೇಲೆ, ಯಂತ್ರವೊಂದಿದ್ದರೆ ಸಾಕು, ಸೊಳ್ಳೆಯ ಜಾತಕವೆಲ್ಲ ಕೈಗೆ ಬಂದಂತೆ ಎಂದು ಯಾರಾದರೂ ಭಾವಿಸಿದರೆ ಅದು ಅತಿಶಯ. ಯಂತ್ರದ ಕುಂದುಗಳನ್ನೂ ಹೇಳುವುದು ನ್ಯಾಯ. ಮೊದಲನೆಯದು, ಅದಕ್ಕೆ ಬಣ್ಣ ತಿಳಿಯದು. ಫಲ್ಲೆರೋನಿ ಕಂಡ ಕಪ್ಪು ಬಿಳುಪಿನ ಚಿತ್ತಾರವನ್ನು ಚಿನ್ನದ ಗಿಲೀಟು ಮುಚ್ಚಿಬಿಡುವುದು. ಅದಕ್ಕೆ ಹಳೆಯ ಸೂಕ್ಷ್ಮದರ್ಶಕವೇ ಬೇಕು. ಎರಡನೆಯದು, ಯಂತ್ರಕ್ಕೆ ಹೋದ ಮೊಟ್ಟೆ ಮರಿಯಾಗುವುದಿಲ್ಲ. ಆದುದರಿಂದ ಜಾಣರು ಒಬ್ಬ ತಾಯಿಯ ಮೊಟ್ಟೆಗಳಲ್ಲಿ ಕೆಲವನ್ನು ಮಾತ್ರ ಪರೀಕ್ಷೆಗೆ ಕೊಟ್ಟು, ಉಳಿದವನ್ನು ಮರಿಮಾಡಿಸಿ, ತಾಯಿಯನ್ನೂ ಗುರುತಿಗಾಗಿ ಇಟ್ಟುಕೊಳ್ಳುತ್ತಾರೆ. ಮೂರನೆಯದು, ಬೆಲೆ ಅಧಿಕ. ಜಿಲ್ಲೆಯ ಆರೋಗ್ಯ ಕಛೇರಿಯ ಮೇಜಿನ ಮೇಲೆ ಇಡುವ ಸಾಮಾನು ಅದಲ್ಲ.

ನಾಲ್ಕನೆಯ ಕುಂದು ಯಂತ್ರದ್ದಲ್ಲ, ಪ್ರಕೃತಿಯದು. ಎಲ್ಲಕ್ಕಿಂತ ಮುಖ್ಯವಾದುದೂ ಅದೇ. ದೆಹಲಿಯ ಮಲೇರಿಯ ಸಂಶೋಧನ ಕೇಂದ್ರದಲ್ಲಿ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಸ್ಟೀಫೆನ್ಸಿಯ ಮೊಟ್ಟೆಗಳನ್ನು ಮತ್ತೆ ಎಣಿಸಿ 1987ರಲ್ಲಿ ಪ್ರಕಟಿಸಿದರು. ಮೂಲರೂಪದಲ್ಲಿ ಬುರುಡೆಯೊಂದಕ್ಕೆ 14ರಿಂದ 22 ಏಣುಗಳು; ಮೈಸೂರೆನ್ಸಿಸ್ ಬಗೆಯಲ್ಲಿ 9ರಿಂದ 15; ಇವೆರಡರ ನಡುವೆ 12ರಿಂದ 17 ಏಣುಗಳುಳ್ಳ ಮೂರನೆಯದೊಂದು ಮಧ್ಯಮರೂಪ. ಈ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. 15 ಏಣುಗಳ ಒಂದು ಮೊಟ್ಟೆ ಕೈಗೆ ಸಿಕ್ಕಿದರೆ ಅದು ಮೂರರಲ್ಲಿ ಯಾವುದೂ ಆಗಬಹುದು! ನಮ್ಮ ತರಗತಿಯ ಆ ಮೊಟ್ಟೆ 14 ಆಗಿದ್ದರೂ 15 ಆಗಿದ್ದರೂ ಅದೊಂದರಿಂದ ತೀರ್ಪು ಹೇಳಲು ಯಾರಿಗೂ ಅಧಿಕಾರವಿರಲಿಲ್ಲ. ಎಷ್ಟೇ ಸ್ಪಷ್ಟವಾದ ಚಿತ್ರವೂ ಈ ಸಂದೇಹವನ್ನು ನಿವಾರಿಸದು. ಒಬ್ಬ ತಾಯಿಯ ಹಲವು ಮೊಟ್ಟೆಗಳನ್ನು ಎಣಿಸಿ, ಹೆಚ್ಚು ಮೊಟ್ಟೆಗಳಲ್ಲಿ ಬರುವ ಸಂಖ್ಯೆ ಯಾವುದೆಂದು ನೋಡಬೇಕು. ಹಾಗೆಯೇ ಹಲವು ತಾಯಂದಿರನ್ನು ನೋಡಬೇಕು. ಅವು ಯಾವ ನೀರಿನಲ್ಲಿ ಬೆಳೆದುವು, ಯಾರನ್ನು ಕಚ್ಚಿದುವು ಎಂಬುದನ್ನೂ ಕೂಡಿಸಿ ಓದಬೇಕು. ಮೊಟ್ಟೆ ಸಾಕ್ಷಿ ಹೇಳುವುದು ನಿಜ. ಆದರೆ ಒಂದೇ ಸಾಕ್ಷಿಯಿಂದ ತೀರ್ಪು ಕೊಡುವ ನ್ಯಾಯಾಧೀಶನು ಒಳ್ಳೆಯ ನ್ಯಾಯಾಧೀಶನಲ್ಲ.

ಮೊಟ್ಟೆಯೂ ಬಾಯಿ ಬಿಡದ ಪ್ರಸಂಗಗಳುಂಟು. ಆಫ್ರಿಕದ ಅನಾಫಿಲೀಸ್ ಗ್ಯಾಂಬಿಯೇ ಎಂಬುದು ಒಂದಲ್ಲ, ಹಲವು ಪ್ರಭೇದಗಳ ಗುಂಪೆಂಬುದು ಖಚಿತವಾದುದು ಅವುಗಳ ಸಂಕರದ ಪರೀಕ್ಷೆಯಿಂದ. ನಮ್ಮ ದೇಶದ ಹಳ್ಳಿಗಳಲ್ಲಿ ಮಲೇರಿಯವನ್ನು ಬಹುವಾಗಿ ಹರಡುವ ಕ್ಯೂಲಿಸಿಫೇಸೀಸ್ ಸೊಳ್ಳೆಯಲ್ಲಿ ಐದು ಒಡಹುಟ್ಟು ಪ್ರಭೇದಗಳಿವೆಯೆಂಬುದಕ್ಕೆ ಮುಖ್ಯ ಆಧಾರ ಅವುಗಳ ವರ್ಣತಂತುಗಳ ಪರೀಕ್ಷೆ. ಈಗ ಜೀವಕಣದೊಳಗಿನ ಡಿ.ಎನ್.ಎ. ಎಂಬ ವಸ್ತುವನ್ನು ಓದಿ, ಸೊಳ್ಳೆಯ ಒಂದು ಕಾಲು ಸಿಕ್ಕಿದರೂ ಹೆಸರನ್ನು ಹೇಳುವ ವಿಧಾನ ಬಂದಿದೆ. ಹಾಗಾದರೆ ಮೊಟ್ಟೆಯನ್ನು ನೋಡುವ ಕೆಲಸ ಹಳತಾಯಿತೆ? ನಮ್ಮ ಅಭಿಪ್ರಾಯದಲ್ಲಿ ಆಗಿಲ್ಲ. ಡಿ.ಎನ್.ಎ. ಹೆಸರನ್ನು ಹೇಳುವುದು, ಮೊಟ್ಟೆಯ ಚಿಪ್ಪು ಬದುಕನ್ನು ಹೇಳುವುದು. ಅದು ಹೇಗೆ ತೇಲುವುದು, ಎಲ್ಲಿ ಅಂಟುವುದು, ಒಣಗಿದರೆ ಎಷ್ಟು ಕಾಲ ತಡೆಯುವುದು, ಉಸಿರನ್ನು ಹೇಗೆ ಎಳೆದುಕೊಳ್ಳುವುದು ಎಂಬ ಸಂಗತಿಗಳಿಗೆಲ್ಲ ಚಿಪ್ಪಿನ ರಚನೆಯೇ ಕಾರಣ. ಅಲ್ಲದೆ ಸ್ಟೀಫೆನ್ಸಿಯ ಬಗೆಗಳನ್ನು ಬೇರ್ಪಡಿಸಲು ಸಾಧಾರಣ ಸೂಕ್ಷ್ಮದರ್ಶಕವೂ ತಾಳ್ಮೆಯೂ ಇರುವ ಯಾವ ಶಾಲೆಯಲ್ಲಾದರೂ ಏಣುಗಳನ್ನು ಎಣಿಸಬಹುದು.

ಇದು ಹಳೆಯ ಕಾಲದ ಚರ್ಚೆಯೆಂದು ಯಾರೂ ಎಣಿಸಬಾರದು. ಇಂಡಿಯ, ಪರ್ಷಿಯ, ಅರಬ್ಬೀ ದೇಶಗಳಲ್ಲಿದ್ದ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ಚಿಕ್ಕ ದೇಶದಲ್ಲಿ ಆ ವರ್ಷ ವರದಿಯಾದ ಮಲೇರಿಯ ರೋಗಿಗಳು ಕೇವಲ 27 ಮಂದಿ. 2020ರಲ್ಲಿ 73,535 ಮಂದಿ. ಇಥಿಯೋಪಿಯದಲ್ಲಿ ಅದು 2016ರಲ್ಲಿ ಕಂಡಿತು; ಅಲ್ಲಿನ ಡಿರೆ ಡಾವ ನಗರದಲ್ಲಿ 2022ರಲ್ಲಿ ಎದ್ದ ಜ್ವರಕ್ಕೆ ಇದೇ ಕಾರಣವೆಂದು ಶೋಧಕರು ಹೇಳಿದರು. ನೆರೆಯ ಸಿಂಹಳದ ಸಂಗತಿ ಇನ್ನೂ ವಿಚಿತ್ರ. ಆ ದ್ವೀಪ ಮಲೇರಿಯದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಅದೇ ವರ್ಷದ ಕೊನೆಗೆ ಮನ್ನಾರಿನ ಬಾವಿಗಳಲ್ಲಿ ಸ್ಟೀಫೆನ್ಸಿಯ ಮರಿಗಳು ಸಿಕ್ಕಿದುವು. ಆಫ್ರಿಕದ ಮಲೇರಿಯ ಬಹುಮಟ್ಟಿಗೆ ಹಳ್ಳಿಗಳದು; ತೊಟ್ಟಿಯ ನೀರಿನಲ್ಲಿ ಬೆಳೆಯಬಲ್ಲ ಈ ಸೊಳ್ಳೆ ಅದನ್ನು ಪಟ್ಟಣಗಳ ನಡುಮನೆಗೆ ತರುವುದೋ ಎಂಬ ಭಯ ಈಗ ಎಲ್ಲರಿಗೂ ಇದೆ. ಹೊಸ ಊರಿಗೆ ಬಂದುದು ಈ ಸೊಳ್ಳೆಯ ಯಾವ ಬಗೆ ಎಂಬ ಪ್ರಶ್ನೆ ಅಲ್ಲಿನ ಶೋಧಕರದೂ ಆಗಿದೆ. 1937ರಲ್ಲಿ ಮೈಸೂರಿನವರು ಕೇಳಿದ ಪ್ರಶ್ನೆಯೂ ಅದೇ ಅಲ್ಲವೆ?

ಶ್ರೋತೃಗಳಲ್ಲಿ ಯಾರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕೊಳ್ಳಬೇಕಾಗಿಲ್ಲ. ನಾಳೆ ಬೆಳಗ್ಗೆ ಮಾಳಿಗೆಯ ಮೇಲೆ ಹತ್ತಿ ನೀರಿನ ತೊಟ್ಟಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿದರೆ ಸಾಕು. ಮೊಟ್ಟೆ ಮರಿಯಾಗಲು ಎರಡು ಮೂರು ದಿನ, ಮರಿ ಸೊಳ್ಳೆಯಾಗಲು ಹೆಚ್ಚೆಂದರೆ ಎರಡು ವಾರ ಸಾಕು. ಆದುದರಿಂದ ಮುಚ್ಚಲಾಗದ ಪಾತ್ರೆಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಬರಿಯ ನೀರನ್ನು ಚೆಲ್ಲಿದರೆ ಗೋಡೆಗೆ ಅಂಟಿದ ಈಡಿಸ್ ಮೊಟ್ಟೆ ಅಲ್ಲಿಯೇ ಉಳಿಯುವುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ತೊಟ್ಟಿಯ ನೀರಿನ ಮೇಲಿಂದ ಒಂದೆರಡು ಮೊಟ್ಟೆಗಳನ್ನು ತಮ್ಮ ಪ್ರಯೋಗಶಾಲೆಗೆ ಒಯ್ಯಲಿ. ದೋಣಿಯಾಕಾರದವು ಸಿಕ್ಕಿದರೆ ಏಣುಗಳನ್ನು ಎಣಿಸಲಿ. ಉತ್ತರ ಎರಡು ಬಗೆಯಾಗಿ ಬಂದರೆ ನಾಚಬೇಕಾದುದಿಲ್ಲ. ಮತ್ತೊಂದು ಮೊಟ್ಟೆಯನ್ನು ತೆಗೆದುಕೊಂಡು ಮತ್ತೆ ಎಣಿಸಲಿ.